ಮರವೆಗೆ ಸಂದ ನೂರಿಪ್ಪತ್ತು ಎಲೆಗಳು

ಮೈಸೂರಿನ ಅಂಗಡಿಗಳಲ್ಲಿ ಇಂದು ಗಂಜೀಫಾ ಎಂಬ ಹೆಸರಿನಿಂದ ಮಾರಲ್ಪಡುವ ವಸ್ತುವು ಬಹುಮಟ್ಟಿಗೆ ಗೋಡೆಗೆ ತೂಗುಹಾಕತಕ್ಕ ಚಿತ್ರವಾಗಿರುವುದು. ವರ್ತುಲಾಕಾರದ ಒಂದು ಪುಟ್ಟ ಫಲಕ, ಅದರ ನಡುವೆ ದೇವತಾಮೂರ್ತಿ, ಸುತ್ತಲೂ ಹೂಬಳ್ಳಿಯ ಅಂಚು, ಮೇಲೊಂದು ಗಾಜು. ಕೊಳ್ಳುವವರು ರೇಖೆಯ ನಯವನ್ನು ಕೊಂಡಾಡುವರು. ಬಣ್ಣದ ಹೊಳಪನ್ನು ಮೆಚ್ಚುವರು. ಇದನ್ನು ಆಡುವುದು ಹೇಗೆಂದು ಕೇಳುವವರು ವಿರಳ. ಕೇಳಿದರೆ ಉತ್ತರ ಕೊಡಬಲ್ಲವರು ಮತ್ತಷ್ಟು ವಿರಳ. ವೀಣೆಯನ್ನು ಮೊಳೆಗೆ ತಗುಲಿಸಿ, ಅದರ ದಂತದ ಕೆತ್ತನೆಯನ್ನು ಮಾತ್ರ ಹೊಗಳಿ, ತಂತಿಯನ್ನು ಒಮ್ಮೆಯೂ ಮೀಟದೆ ಇರುವ ಮನೆಯವರನ್ನು ಲೋಕವು ರಸಿಕರೆಂದು ಕರೆಯಲಾರದು. ಗಂಜೀಫಾದ ವಿಷಯದಲ್ಲಿ ಮಾತ್ರ ಆ ಬಗೆಯ ರಸಿಕತೆಯೇ ಸಾಕೆಂದು ಎಲ್ಲರೂ ಒಪ್ಪಿಕೊಂಡಂತೆ ತೋರುವುದು.

ಗಂಜೀಫಾ ಎಂಬುದು ಮೂಲತಃ ಎಲೆಗಳ ಆಟ. ಇಸ್ಪೀಟೆಂದರೆ ವಾಚಕರಿಗೆ ತಟ್ಟನೆ ನೆನಪಾಗುವುದು ೫೨ ಎಲೆಗಳ ಆಯತಾಕಾರದ ಕಟ್ಟು, ನಾಲ್ಕು ಜಾತಿ, ಕೆಂಪು ಕಪ್ಪು ಎರಡು ಬಣ್ಣ. ಗಂಜೀಫಾದ ಎಲೆ ಸಾಮಾನ್ಯವಾಗಿ ದುಂಡಗೆ. ಜಾತಿಗಳು ಎಂಟಕ್ಕೆ ಕಡಮೆಯಾಗುವುದು ಅಪರೂಪ. ಪ್ರತಿಯೊಂದು ಜಾತಿಗೂ ಒಬ್ಬ ರಾಜ, ಒಬ್ಬ ಮಂತ್ರಿ, ಎಕ್ಕದಿಂದ ಹತ್ತರವರೆಗೆ ಅಂಕಿಯ ಎಲೆಗಳು, ಒಟ್ಟು ಹನ್ನೆರಡು. ಮೊಗಲರ ಕಟ್ಟಿನಲ್ಲಿ ಎಂಟು ಜಾತಿ, ೯೬ ಎಲೆ. ದಶಾವತಾರದ ಕಟ್ಟಿನಲ್ಲಿ ಹತ್ತು ಜಾತಿ, ೧೨೦ ಎಲೆ. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ಭಾರ್ಗವನಿಗೆ ಕೊಡಲಿ, ಬುದ್ಧನಿಗೆ ಕಮಲ, ಹೀಗೆ ಒಂದೊಂದು ಅವತಾರಕ್ಕೆ ಒಂದೊಂದು ಲಾಂಛನ. ಕೆಲವು ಲಾಂಛನಗಳು ಪ್ರಾಂತದಿಂದ ಪ್ರಾಂತಕ್ಕೆ ವ್ಯತ್ಯಾಸ ಹೊಂದುವುವು. ರಾಜನ ಎಲೆಯಲ್ಲಿ ಅವತಾರಮೂರ್ತಿಯೇ ಕುಳಿತಿರುವನು. ಮಂತ್ರಿಯು ಬಹುಮಟ್ಟಿಗೆ ಕುದುರೆಯೇರಿ ಬರುವನು. ಏಳರ ಎಲೆಯೆಂದರೆ ಏಳು ಮೀನು ಅಥವಾ ಏಳು ಕೊಡಲಿ. ಎಣಿಸಿದರೆ ಸಾಕು, ಓದಬೇಕಾದುದಿಲ್ಲ. ಅಕ್ಷರ ಬಾರದವರೂ ಆಡಬಹುದಾದ ಕಟ್ಟು ಇದು.

ಈ ಆಟವು ಋಷಿಗಳ ಕಾಲದಿಂದ ಬಂದುದೆಂದು ಅಭಿಮಾನದಿಂದ ಹೇಳುವವರುಂಟು. ಅಭಿಮಾನ ಒಳ್ಳೆಯದೇ, ಆದರೆ ಆಧಾರವಿಲ್ಲದೆ ನಿಲ್ಲದು. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ವಿಸ್ತಾರವಾದ ವರ್ಣನೆಯಿದೆ. ಚದುರಂಗವಿದೆ, ಪಗಡೆಯ ಬಗೆಯಿದೆ, ಕವಡೆಯಿದೆ. ಎಲೆಯ ಆಟದ ಸುಳಿವಿಲ್ಲ. ಅಷ್ಟು ಕೂಲಂಕಷವಾಗಿ ಬರೆದ ಅರಸನು ಇದನ್ನು ಕಂಡಿದ್ದರೆ ಬಿಡುತ್ತಿರಲಿಲ್ಲ. ಬಂಗಾಳದ ವಿಷ್ಣುಪುರದ ದುಂಡು ಎಲೆಗಳನ್ನು ಕುರಿತು ಪಂಡಿತ ಹರಪ್ರಸಾದ ಶಾಸ್ತ್ರಿಗಳು ೧೮೯೫ರಲ್ಲಿ ಲೇಖನವೊಂದನ್ನು ಪ್ರಕಟಿಸಿ, ಅವತಾರಗಳ ಸಾಲಿನಲ್ಲಿ ಬುದ್ಧನಿಗೆ ಸಂದಿರುವ ಸ್ಥಾನವನ್ನು ಹಿಡಿದು ಆಟವು ಬಹು ಪ್ರಾಚೀನವಾಗಿರಬೇಕೆಂದು ಊಹಿಸಿದರು. ಊಹೆ ಸೊಗಸಾಗಿದೆ. ಲಿಖಿತವಾಗಿ ದೊರೆಯುವ ಮೊದಲ ದಾಖಲೆಯಾದರೋ ಬಾಬರನ ಆತ್ಮಚರಿತ್ರೆಯಲ್ಲಿದೆ: ೧೫೨೭ರಲ್ಲಿ ಸಿಂಧದ ಷಾ ಹುಸೇನನಿಗೆ ಅವನು ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟನು. ಅಕ್ಬರನ ಕಾಲದ ಹನ್ನೆರಡು ಜಾತಿಯ ಕಟ್ಟನ್ನು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ವರ್ಣಿಸಿರುವನು; ಅಶ್ವಪತಿ, ಗಜಪತಿ, ನರಪತಿ ಎಂದು ಆ ಜಾತಿಗಳ ಹೆಸರು. ಪಾರಸಿಕರಿಂದ ಬಂದ ಹೆಸರು, ಸಂಸ್ಕೃತದ ಪತಿಗಳು, ಅನಂತರ ವಿಷ್ಣುವಿನ ಅವತಾರಗಳು, ಎಲ್ಲವೂ ಒಂದೇ ಕಟ್ಟಿನಲ್ಲಿ ಕಲಸಿಹೋಗಿರುವುವು. ಬಂದುದನ್ನು ತನ್ನದನ್ನಾಗಿ ಮಾಡಿಕೊಳ್ಳುವ ಈ ದೇಶದ ಹಳೆಯ ಅಭ್ಯಾಸಕ್ಕೆ ಇದಕ್ಕಿಂತ ಅಂದವಾದ ನಿದರ್ಶನ ಬೇಕಿಲ್ಲ. ಪ್ರಾಚೀನತೆಗಾಗಿ ಹೆಣಗುವುದು ಅನಾವಶ್ಯಕ.

ಕನ್ನಡ ನಾಡಿನಲ್ಲಿ ಈ ವಿನೋದಕ್ಕೆ ಅಪೂರ್ವವಾದ ಆಶ್ರಯ ದೊರೆತುದು ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ. ೧೭೯೪ರಲ್ಲಿ ಜನಿಸಿ, ೧೭೯೯ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವೇರಿದ ಈ ಪ್ರಭುಗಳಿಂದ ೧೮೩೧ರಲ್ಲಿ ಆಂಗ್ಲರು ರಾಜ್ಯಭಾರವನ್ನು ಕಿತ್ತುಕೊಂಡರು. ಅಲ್ಲಿಂದ ಮುಂದೆ ೧೮೬೮ರವರೆಗೆ, ಸುಮಾರು ೩೭ ವರ್ಷ, ಅವರು ಆಡಳಿತವಿಲ್ಲದ ಅರಸರು. ಸೇನೆಯಿಲ್ಲ, ಬೊಕ್ಕಸದ ಮೇಲೆ ಸ್ವಾತಂತ್ರ್ಯವಿಲ್ಲ. ಪಂಡಿತರೂ ಚಿತ್ರಕಾರರೂ ಸಂಗೀತಗಾರರೂ ಮಾತ್ರ ಉಳಿದರು. ಚದುರಂಗದ ಅರುವತ್ತುನಾಲ್ಕು ಮನೆಗಳನ್ನೂ ಕುದುರೆಯೊಂದೇ ಮೆಟ್ಟಿಬರುವ ಬಂಧಗಳನ್ನು ಅವರು ರಚಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಎಂಬ ಸಚಿತ್ರ ಮಹಾಗ್ರಂಥದಲ್ಲಿ ಶಕ್ತಿನಿಧಿ ಮೊದಲಾಗಿ ಒಂಬತ್ತು ನಿಧಿಗಳಿರುವುವು, ಒಂಬತ್ತನೆಯದು ಕೌತುಕನಿಧಿ. ಅದರಲ್ಲಿ ‘ಚದ’ ಎಂಬ ಹೆಸರಿನ ಎಲೆಯಾಟಗಳು ಹದಿಮೂರು. ಅತಿ ಕಿರಿಯದಕ್ಕೆ ೩೬ ಎಲೆ, ಅತಿ ಹಿರಿಯದಕ್ಕೆ ೩೬೦. ಚಾಮುಂಡೇಶ್ವರೀ ಚದಕ್ಕೆ ಹದಿನಾರು ಜಾತಿ, ೩೨೦ ಎಲೆ. ನವಗ್ರಹ ಚದವೆಂದೊಂದು, ಪಂಚಪಾಂಡವ ಚದವೆಂದೊಂದು. ರಾಜ್ಯದ ರಾಜ, ಮಂತ್ರಿ, ಸೈನ್ಯಗಳನ್ನು ಕಳೆದುಕೊಂಡ ಅರಸರು ಎಲೆಗಳ ಮೇಲೆ ಹೊಸ ರಾಜರನ್ನೂ ಮಂತ್ರಿಗಳನ್ನೂ ಸೈನ್ಯಗಳನ್ನೂ ನೇಮಿಸುತ್ತ ಕುಳಿತರೆಂಬುದನ್ನು ನೆನೆದರೆ ನಗು ಬರುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಸಾಗುವಂತಿಲ್ಲ. ಇದೇ ಕೌತುಕನಿಧಿಯಲ್ಲಿ ೧೨೨ ಯೋಗಾಸನಗಳ ಚಿತ್ರಗಳಿರುವುವು. ನಾರ್ಮನ್ ಷೋಮನ್ ಎಂಬ ವಿದೇಶೀಯ ಸಂಸ್ಕೃತಜ್ಞರು ೧೯೯೬ರಲ್ಲಿ ಆ ಭಾಗವನ್ನು ಅಚ್ಚು ಹಾಕಿಸಿದರು. ಲೋಕದ ಯೋಗಾಭ್ಯಾಸಿಗಳೆಲ್ಲ ಅದರ ಕಡೆಗೆ ತಿರುಗಿ ನೋಡಿದರು. ಎಲೆಗಳ ಭಾಗಕ್ಕೂ ಹೊರಗಿನವರೊಬ್ಬರೇ ಒದಗಿದರು: ಮುಂಬಯಿಯಲ್ಲಿ ಬಹುಕಾಲ ನೆಲಸಿದ್ದ ಜರ್ಮನ್ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ನರು ಮೈಸೂರಿನ ಚದವನ್ನು ಕುರಿತೇ ಒಂದು ಪುಸ್ತಕ ಬರೆದರು, ೧೯೮೨ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನಡೆದ ಗಂಜೀಫಾ ಪ್ರದರ್ಶನದ ವಿವರಣೆಯೂ ಅವರದೇ. ಒಂದೇ ಹೊತ್ತಗೆಯ ಒಂದು ಭಾಗ ಮೈ ಕೊಡವಿಕೊಂಡು ಎದ್ದಿತು. ಇನ್ನೊಂದು ಭಾಗ ಪಂಡಿತರ ಕಪಾಟಿನಿಂದ ಈಚೆಗೆ ಬರಲಿಲ್ಲ. ಆಸನವನ್ನು ಒಬ್ಬನೇ ಮಾಡಬಹುದು; ಎಲೆಯಾಟಕ್ಕೆ ಮೂವರು ಬೇಕು. ಕಾರಣ ಇಷ್ಟೇ ಇದ್ದರೂ ಇರಬಹುದು.

ಹಾಗಾದರೆ ಮತ್ತೆ ಬಳಕೆಗೆ ಬರಬಲ್ಲ ಕಟ್ಟು ಯಾವುದು? ಅರಮನೆಯ ಅಭಿಮಾನಿಗಳಿಗೆ ಬೇಸರವಾದರೂ ಹೇಳತಕ್ಕದ್ದೇ: ಚಾಮುಂಡೇಶ್ವರೀ ಚದವಂತೂ ಅಲ್ಲ. ೩೨೦ ಎಲೆಗಳನ್ನು ಕಲಸಿ ಹಂಚುವುದರೊಳಗಾಗಿ ಗೃಹಸ್ಥನ ಸಂಜೆಯೇ ಮುಗಿದುಹೋಗುವುದು. ಅದು ಅರಸರು ಅರಸರ ವಿರಾಮಕ್ಕಾಗಿ ಕಟ್ಟಿದ ಸೌಧ. ನೋಡಿ ಬೆರಗಾಗತಕ್ಕದ್ದು, ವಾಸಕ್ಕೆ ಒಗ್ಗದು. ಮೊಗಲರ ೯೬ರ ಕಟ್ಟು ಗಾತ್ರದಲ್ಲಿ ಹಗುರ. ಆದರೆ ಅದರ ಜಾತಿಗಳ ಹೆಸರುಗಳಾದ ಬರಾತ್, ಕಿಮಾಷ್, ಚಂಗ್ ಎಂಬುವು ಇಂದಿನ ಮನೆಗಳಿಗೆ ಅಪರಿಚಿತ. ದಶಾವತಾರದ ಕಟ್ಟಿಗೆ ಈ ಎರಡು ಕಷ್ಟಗಳೂ ಇಲ್ಲ. ಹತ್ತು ಹೆಸರುಗಳನ್ನು ಎಳೆಯ ಮಗುವೂ ವರಸೆಯಾಗಿ ಒಪ್ಪಿಸುವುದು. ಮಹಾರಾಷ್ಟ್ರದ ಸಾವಂತವಾಡಿಯಿಂದ ಬಂಗಾಳದ ವಿಷ್ಣುಪುರದವರೆಗೆ, ಒಡಿಶಾದ ಹಳ್ಳಿಗಳಲ್ಲಿ, ಮೈಸೂರು ಸೀಮೆಯಲ್ಲಿ ಎಲ್ಲೆಲ್ಲಿಯೂ ನಡೆದುಬಂದ ಕಟ್ಟು ಇದೇ. ಅರಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡಿಗೆಯ ಮನೆಯ ಪಡಸಾಲೆಗೆ ಇಳಿದುಬಂದುದೂ ಇದೊಂದೇ.

ಆಡುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮೂವರು ನೆಲದ ಮೇಲೆ ಬಟ್ಟೆ ಹಾಸಿ ಕುಳಿತುಕೊಳ್ಳುವರು. ದುಂಡು ಎಲೆಗಳನ್ನು ಕೈಯಲ್ಲಿ ಹಿಡಿದು ಬೆರಸುವುದು ಕಷ್ಟವಾದುದರಿಂದ ಬಟ್ಟೆಯ ಮೇಲೆ ಹರಡಿ ಕಲಸುವರು. ಒಬ್ಬೊಬ್ಬರಿಗೆ ೪೦ ಎಲೆ. ಕಟ್ಟಿನಲ್ಲಿ ಒಂದೂ ಮಿಗದು. ಇಸ್ಪೀಟಿನ ತುರುಪು ಇಲ್ಲಿಲ್ಲ. ಎದುರಾಳಿ ಇಳಿಸಿದ ಜಾತಿಯನ್ನೇ ಇಳಿಸಬೇಕೆಂಬ ಕಟ್ಟುಪಾಡೂ ಇಲ್ಲ. ಹಗಲಾದರೆ ರಾಮನ ಎಲೆಯಿಂದ ಆಟ ಆರಂಭ, ರಾತ್ರಿಯಾದರೆ ಕೃಷ್ಣನದರಿಂದ. ಮೊಗಲರ ಕಟ್ಟಿನಲ್ಲಿಯೂ ಹಗಲಿಗೆ ಸೂರ್ಯನಂತಿರುವ ಚಿನ್ನದ ನಾಣ್ಯ, ಇರುಳಿಗೆ ಚಂದ್ರನಂತಿರುವ ಬೆಳ್ಳಿಯ ನಾಣ್ಯ. ಕೆಲವು ಪ್ರಾಂತಗಳಲ್ಲಿ ಸಂಧ್ಯಾಕಾಲಕ್ಕೂ ಮಳೆಗೂ ಬೇರೆ ಬೇರೆ ಅವತಾರಗಳನ್ನು ಗೊತ್ತುಮಾಡಿರುವರು. ಆಟಕ್ಕೆ ಕುಳಿತವನು ಕಿಟಕಿಯಿಂದ ಆಕಾಶವನ್ನು ಒಮ್ಮೆ ನೋಡಿ ಅನಂತರ ಎಲೆ ಇಳಿಸುವಂತಹ ಆಟ ಲೋಕದಲ್ಲಿ ಬೇರೊಂದು ಉಂಟೋ ಇಲ್ಲವೋ.

ಇದಕ್ಕಿಂತಲೂ ಸ್ವಾರಸ್ಯವಾದ ನಿಯಮ ಅಂಕಿಗಳದು. ಐದು ಜಾತಿಗಳಲ್ಲಿ ರಾಜ, ಮಂತ್ರಿ ಇವರ ತರುವಾಯ ಹತ್ತು ಹಿರಿಯದು, ಎಕ್ಕ ಕೊನೆಯದು. ಉಳಿದ ಐದರಲ್ಲಿ ಮಂತ್ರಿಯ ತರುವಾಯ ಎಕ್ಕವೇ ಹಿರಿಯದು, ಹತ್ತು ಅತ್ಯಂತ ಕನಿಷ್ಠ. ಒಂದು ಸಭೆಯಲ್ಲಿ ಹತ್ತು ಲಾಂಛನದ ಎಲೆ ಬೀಗಿ ಕುಳಿತಿರುವಾಗ ಇನ್ನೊಂದು ಸಭೆಯಲ್ಲಿ ಅದೇ ಹತ್ತು ಬಾಗಿಲ ಬಳಿ ನಿಂತಿರುವುದು. ಹೊಸಬರು ಎಡವುವುದು ಇಲ್ಲಿಯೇ. ಆಟದ ಸರ್ವಸ್ವವೂ ಸ್ಮೃತಿ. ಗೆದ್ದ ಎಲೆಗಳನ್ನು ಗೆದ್ದವನು ಮಗುಚಿ ಇಟ್ಟುಕೊಳ್ಳುವನು, ಮತ್ತೆ ನೋಡುವಂತಿಲ್ಲ. ಒಂದು ಜಾತಿಯ ರಾಜನೂ ಮಂತ್ರಿಯೂ ಇಳಿದು ಹೋದ ಮೇಲೆ ಅದರ ಮುಂದಿನ ಎಲೆಯೇ ಒಡೆಯ. ಅದರ ಮುಂದಿನದೂ ಹೋದರೆ ಅದಕ್ಕೆ ಕೆಳಗಿನದು. ಹೀಗೆ ಒಂದು ಕಾಲಕ್ಕೆ ಯಕಶ್ಚಿತ್ ಆರರ ಎಲೆಯೂ ರಾಜತ್ವಕ್ಕೆ ಬರುವುದು. ಹಿಡಿದವನಿಗೆ ಅದು ತಿಳಿದಿರಬೇಕು. ತಿಳಿದವನು ಎಲೆಯನ್ನು ಇಳಿಸಿ, ಎದುರಿನ ಇಬ್ಬರಿಂದಲೂ ಒಂದೊಂದು ಎಲೆ ಕಿತ್ತುಕೊಳ್ಳುವನು. ಮರೆತವನು ಅರಸನನ್ನು ಕೈಯಲ್ಲಿ ಹಿಡಿದುಕೊಂಡೇ ಸೋಲುವನು. ಹತ್ತು ಜಾತಿಗಳಲ್ಲಿ ಏಕಕಾಲಕ್ಕೆ ಯಾರು ಹೋದರು, ಯಾರು ಉಳಿದರು ಎಂಬ ಲೆಕ್ಕ ನಡೆಯುತ್ತಲೇ ಇರಬೇಕು. ವೇದಪಾಠದ ಕ್ರಮ ಜಟೆಗಳನ್ನು ಕಲಿತವರಿಗೆ ಇದು ಬೇಗ ವಶವಾದೀತು. ಹಾಗೆ ಕಲಿಯದವರಿಗೆ ಇದೇ ಒಂದು ಪಾಠಶಾಲೆ.

ಇಷ್ಟೆಲ್ಲ ಗುಣಗಳಿದ್ದೂ ಆಟವು ಏಕೆ ಹಿಂದಾಯಿತು? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಗಂಜೀಫಾದ ಒಂದು ಕಟ್ಟನ್ನು ಕೈಯಿಂದಲೇ ಸಿದ್ಧಮಾಡಬೇಕು. ಬಟ್ಟೆಯ ಪದರಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಸುಣ್ಣದ ಪುಡಿ ಬಳಿದು, ಉಜ್ಜಿ ನಯಮಾಡಿ, ದುಂಡಗೆ ಕತ್ತರಿಸಿ, ೧೨೦ ಬಾರಿ ಚಿತ್ರ ಬರೆದು, ಅರಗಿನ ಲೇಪ ಕೊಡಬೇಕು. ಶ್ರೀಮಂತರಿಗೆ ದಂತದಲ್ಲಿ, ಆಮೆಯ ಚಿಪ್ಪಿನಲ್ಲಿಯೂ ಮಾಡುತ್ತಿದ್ದರು. ಆಂಗ್ಲರ ಕಾಲದಲ್ಲಿ ಯಂತ್ರದಿಂದ ಅಚ್ಚಾದ ೫೨ರ ಕಟ್ಟು ಹಡಗಿನಲ್ಲಿ ಬಂದಿಳಿಯಿತು. ಒಂದೆಲೆ ಕಳೆದರೆ ಕಟ್ಟನ್ನೇ ಎಸೆದು ಹೊಸದು ತರಬಹುದಾದಷ್ಟು ಅಗ್ಗ. ಗಂಜೀಫಾದಲ್ಲಿ ಒಂದೆಲೆ ಕಳೆದರೆ ಚಿತ್ರಗಾರನ ಮನೆಗೆ ಹೋಗಬೇಕು. ಅವನಿಲ್ಲದ ಊರಿನಲ್ಲಿ ೧೧೯ ಎಲೆಗಳೂ ವ್ಯರ್ಥ. ಎಷ್ಟೋ ಮನೆಗಳಲ್ಲಿ ಆಟ ನಿಂತದ್ದು ಅಭಿರುಚಿ ಕೆಟ್ಟುದರಿಂದಲ್ಲ, ಒಂದು ಎಲೆ ಒಲೆಯ ಹಿಂದೆಯೋ ತೊಟ್ಟಿಲ ಕೆಳಗೋ ಜಾರಿಹೋದುದರಿಂದ ಎಂದರೆ ತಪ್ಪಾಗದು.

ಎಲೆಗಳು ಅತಿಯಾದುವು, ಈ ಕಾಲದ ಮಕ್ಕಳ ಮನಸ್ಸಿಗೆ ಇದು ಹೊರೆ ಎಂಬುದು ಈಗ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ. ಹೀಗೆ ಹೇಳುವವರು ಮಕ್ಕಳ ಚೀಲವನ್ನು ಬಿಚ್ಚಿ ನೋಡಿದವರಲ್ಲ. ೧೯೯೩ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡ್ ಎಂಬವರು ‘ಮ್ಯಾಜಿಕ್’ ಎಂಬ ಹೊಸ ಬಗೆಯ ಎಲೆಯಾಟವನ್ನು ಹೊರಡಿಸಿದರು. ಆಡುವವನು ಸಾವಿರಾರು ಎಲೆಗಳಲ್ಲಿ ತನಗೆ ಬೇಕಾದುವನ್ನು ಕೊಂಡು, ಗೆಳೆಯರೊಡನೆ ವಿನಿಮಯ ಮಾಡಿಕೊಂಡು, ತನ್ನ ಕಟ್ಟನ್ನು ತಾನೇ ಕಟ್ಟಿಕೊಳ್ಳತಕ್ಕದ್ದು. ೧೯೯೬ರಲ್ಲಿ ಜಪಾನಿನಿಂದ ಪೋಕೆಮಾನ್ ಎಲೆಗಳು ಬಂದುವು. ಅದರ ಪ್ರಾಣಿಗಳ ಸಂಖ್ಯೆ ಇಂದು ಸಾವಿರವನ್ನು ಮೀರಿದೆ. ಹತ್ತು ವರ್ಷದ ಬಾಲಕನು ಒಂದೊಂದರ ಹೆಸರು, ಬಲ, ದೌರ್ಬಲ್ಯ, ಯಾವುದು ಯಾವುದಕ್ಕೆ ಶತ್ರು ಎಂಬುದನ್ನು ಅಮರಕೋಶದಂತೆ ಹೇಳಬಲ್ಲನು. ಇಂಥವನಿಗೆ ಹತ್ತು ಅವತಾರ ಹೆಚ್ಚಾಗುವುದೆ? ಆ ಆಟಗಾರರಲ್ಲಿ ಇನ್ನೊಂದು ಅನುಭವವೂ ಪ್ರಸಿದ್ಧವಾಗಿದೆ. ಒಂದು ಕಾಲಕ್ಕೆ ಹಳೆಯದಾಯಿತೆಂದು ಎಲ್ಲರೂ ಬದಿಗಿಟ್ಟ ಕಟ್ಟನ್ನು ಚತುರನೊಬ್ಬನು ಹುಡುಕಿ ತೆಗೆದು ಪಂದ್ಯಕ್ಕೆ ತರುವನು. ಅದನ್ನು ಎದುರಿಸುವ ಉಪಾಯವನ್ನು ಎಲ್ಲರೂ ಮರೆತಿರುವರಾದ್ದರಿಂದ ಅದು ಗೆಲ್ಲುವುದು. ಮರವೆಯೇ ಅದರ ಬಲವಾಗುವುದು.

ಈ ಮಾತಿಗೆ ಒತ್ತಾಸೆಯಾಗಿ, ಮಲೆನಾಡಿನ ಸೆರಗಿನ ಒಂದು ಊರಿನ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳಬಹುದು. ಆ ಮನೆಯ ಹಿರಿಯಾಕೆಗೆ ತೊಂಬತ್ತರ ಹತ್ತಿರ ವಯಸ್ಸು. ಕಣ್ಣು ಮಂದ, ಕಿವಿ ಚುರುಕು. ಬೇಸಗೆಯ ರಜಕ್ಕೆ ಬಂದ ಮರಿಮಗನು ತನ್ನ ಪೋಕೆಮಾನ್ ಎಲೆಗಳನ್ನು ಜಗಲಿಯಲ್ಲಿ ಹರವಿಕೊಂಡಿದ್ದನು. ಆಕೆ ಒಂದನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು, “ಇದರಲ್ಲಿ ರಾಜ ಯಾರೋ?” ಎಂದು ಕೇಳಿದಳು. ಹುಡುಗನು ರಾಜನಿಲ್ಲವೆಂದನು. “ರಾಜನಿಲ್ಲದೆ ಎಂಥ ಆಟವೋ ಮಗು!” ಎಂದು ಆಕೆ ಎಲೆಯನ್ನು ಕೆಳಗಿಟ್ಟಳು. ಅಷ್ಟರಿಂದ ಮಾತು ಹುಟ್ಟಿತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, ಅತ್ತೆಯ ತಂಗಿ, ತಾನು, ಹೀಗೆ ಮೂವರು ಮಧ್ಯಾಹ್ನದ ಕೆಲಸ ಮುಗಿದ ಮೇಲೆ ದಶಾವತಾರ ಆಡುತ್ತಿದ್ದುದನ್ನು ಆಕೆ ಹೇಳಿದಳು. ಕಟ್ಟು ಏನಾಯಿತೆಂಬುದಕ್ಕೆ, ಅದನ್ನು ಹಳೆಯ ಸಾಮಾನು ಕೊಳ್ಳುವವನಿಗೆ ಕೊಟ್ಟುದಾಗಿ ಮಗನು ತಲೆ ತಗ್ಗಿಸಿ ಹೇಳಿದನು. ಪೆಟ್ಟಿಗೆಯ ಜಾರುಮುಚ್ಚಳದ ಮೇಲೆ ಚಿತ್ರವಿತ್ತಂತೆ. ಅದಕ್ಕಾಗಿಯೇ ಅವನು ಕೊಂಡನಂತೆ. ಆಟ ಗೊತ್ತಿರುವವರು ಮನೆಯಲ್ಲಿ ಇದ್ದಾರೆಂಬುದು ಮಗನಿಗೆ ಹೊಳೆದಿರಲೇ ಇಲ್ಲ. ಅರುವತ್ತು ವರ್ಷಗಳಲ್ಲಿ ಯಾರೂ ಕೇಳದಿದ್ದುದರಿಂದ ಆಕೆಯೂ ಹೇಳಿರಲಿಲ್ಲ.

ಮೊಮ್ಮಗಳು, ಹದಿನೈದರ ಹುಡುಗಿ, ಮನೆಯಲ್ಲಿ ಸೇರಿದ್ದ ಹಳೆಯ ಮದುವೆಯ ಕರೆಯೋಲೆಗಳನ್ನೆಲ್ಲ ಒಟ್ಟುಮಾಡಿ, ಕುಂಕುಮದ ಭರಣಿಯ ಮುಚ್ಚಳವನ್ನಿಟ್ಟು ಗೆರೆ ಎಳೆದು, ೧೨೦ ಬಿಲ್ಲೆ ಕತ್ತರಿಸಿದಳು. ಚಿತ್ರದ ಬದಲು ಅಕ್ಷರ: ‘ಮ’ ಎಂದರೆ ಮತ್ಸ್ಯ, ‘ನೃ’ ಎಂದರೆ ನೃಸಿಂಹ. ಎರಡು ದಿನದ ಕೆಲಸ. ಮೂರನೆಯ ದಿನ ಮಧ್ಯಾಹ್ನ ಆಕೆ, ಮೊಮ್ಮಗಳು, ಮರಿಮಗ ಕುಳಿತರು. “ಹಗಲು. ರಾಮ ಯಾರ ಹತ್ತಿರ?” ಎಂಬ ಮೊದಲ ಮಾತಿಗೇ ಆಕೆಯ ದನಿ ಬೇರೆಯಾಗಿತ್ತೆಂದು ಮನೆಯವರು ಹೇಳುವರು. ಮೊದಲ ಆಟದಲ್ಲಿ ಹುಡುಗರಿಬ್ಬರೂ ಏಳು ಎಲೆಯನ್ನೂ ಗೆಲ್ಲಲಿಲ್ಲ. ಎರಡನೆಯ ದಿನ ಹುಡುಗನು ಪರಶುರಾಮನ ಜಾತಿಯಲ್ಲಿ ಹೋದುವನ್ನು ಬೆರಳಿನಲ್ಲಿ ಎಣಿಸುತ್ತ, ಕೈಯಲ್ಲಿದ್ದ ಕೀಳು ಎಲೆಯೊಂದನ್ನು ಇಳಿಸಿ, “ಅಜ್ಜಿ, ಈಗ ಇದೇ ರಾಜ ಅಲ್ವಾ?” ಎಂದನು. ಆಕೆ ಮಾತಾಡದೆ ತನ್ನ ಎಲೆಯನ್ನು ಅವನ ಕಡೆಗೆ ತಳ್ಳಿದಳು.

ಆದರೆ ಒಂದು ಕಡೆ ಆಟ ತಡೆಯಿತು. ಎಲೆ ಕಡಮೆ ಬಿದ್ದವನು ಆ ಸಾಲವನ್ನು ಮುಂದಿನ ಆಟದಲ್ಲಿ ತೀರಿಸಬೇಕೆಂಬುದು ಆಕೆಗೆ ನೆನಪಿತ್ತು. ತೀರಿಸುವ ಕ್ರಮ ಮಾತ್ರ ನೆನಪಿಗೆ ಬರಲಿಲ್ಲ. ಯಾವ ಎಲೆ ಕೊಡಬೇಕು, ಆರಿಸಿ ಕೊಡಬೇಕೆ, ಮಗುಚಿ ಹಿಡಿದು ಎಳೆಯಲು ಬಿಡಬೇಕೆ? “ಅದು ಅತ್ತೆಗೆ ಗೊತ್ತಿತ್ತು” ಎಂದು ಎರಡು ಮೂರು ಬಾರಿ ಹೇಳಿ ಸುಮ್ಮನಾದಳು. ಹತ್ತು ವರ್ಷ ಮುಂಚೆ ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಕೊನೆಗೆ ಮೂವರೂ ಮಾತಾಡಿಕೊಂಡು, ಮಗುಚಿ ಹಿಡಿದು ಎಳೆಯುವುದೆಂದು ಗೊತ್ತುಮಾಡಿಕೊಂಡರು. ಆ ಮನೆಯಲ್ಲಿ ಇನ್ನು ಮುಂದೆ ಅದೇ ಶಾಸ್ತ್ರ. ಪಂಡಿತರು ಇದನ್ನು ಅಪಪಾಠವೆನ್ನಬಹುದು. ಪಾಠಾಂತರಗಳೆಲ್ಲ ಹೀಗೆಯೇ ಹುಟ್ಟಿದುವಲ್ಲವೆ?

ಕರಕುಶಲದ ದಿಕ್ಕಿನಲ್ಲಿ ಯತ್ನ ನಡೆದಿಲ್ಲವೆಂದು ಹೇಳುವಂತಿಲ್ಲ. ಸಾವಂತವಾಡಿಯಲ್ಲಿ ಈ ವಿದ್ಯೆಯನ್ನು ಬಲ್ಲ ಚಿತಾರಿಗಳು ಅಳಿದು, ವೃದ್ಧನೊಬ್ಬನೇ ಉಳಿದಿದ್ದ ಕಾಲದಲ್ಲಿ, ಅಲ್ಲಿಯ ರಾಜವಂಶದ ಶಿವರಾಮರಾಜೇ ಭೋಂಸ್ಲೆಯವರೂ ಅವರ ಪತ್ನಿ ಸತ್ತ್ವಶೀಲಾದೇವಿಯವರೂ ಅವನಿಂದ ತಾವೇ ಕಲಿತು, ೧೯೭೧ರಲ್ಲಿ ಅರಮನೆಯೊಳಗೆ ಒಂದು ಕಾರ್ಯಾಗಾರವನ್ನು ತೆರೆದರು. ಚಿತಾರಿಯ ಮುಂದೆ ಶಿಷ್ಯರಾಗಿ ಕುಳಿತ ಆ ದಂಪತಿಗಳ ವಿನಯವನ್ನು ಸ್ಮರಿಸತಕ್ಕದ್ದು. ಮೈಸೂರಿನಲ್ಲಿ ರಘುಪತಿ ಭಟ್ಟರು ಗಂಜೀಫಾ ಚಿತ್ರಕ್ಕೇ ತಮ್ಮ ಬಾಳನ್ನು ಮೀಸಲಿಟ್ಟವರು. ಆ ಹೆಸರೇ ಅವರ ಹೆಸರಿನ ಹಿಂದೆ ಸೇರಿಹೋಗಿದೆ. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಒಡಿಶಾದ ರಘುರಾಜಪುರದ ಚಿತ್ರಕಾರರು ಇಂದಿಗೂ ಎಲೆ ಬರೆಯುವರು. ಇವರೆಲ್ಲರ ಋಣ ದೊಡ್ಡದು. ಆದರೂ ಚಿತ್ರ ಉಳಿಯುವುದು ಬೇರೆ, ಆಟ ಉಳಿಯುವುದು ಬೇರೆ. ಕೈಬರಹದ ಒಂದು ಕಟ್ಟಿಗೆ ನ್ಯಾಯವಾಗಿ ಸಲ್ಲತಕ್ಕ ಬೆಲೆಯನ್ನು ಕೊಟ್ಟವರು ಅದನ್ನು ಜಗಲಿಯ ಮೇಲೆ ಕಲಸಲು ಮನಸ್ಸು ಮಾಡಲಾರರು. ಮಾಡಬೇಕೆಂದು ಕೇಳುವುದೂ ಕ್ರೌರ್ಯ. ಆದುದರಿಂದ ಅಗ್ಗದ ಅಚ್ಚಿನ ಕಟ್ಟು ಬಂದರೆ ಚಿತ್ರಗಾರನ ಜೀವನೋಪಾಯಕ್ಕೆ ಕುತ್ತೆಂಬ ಭಯ ನಿರಾಧಾರ. ಆಡಬಲ್ಲವರು ಹೆಚ್ಚಿದಲ್ಲಿ ಒಳ್ಳೆಯ ಕಟ್ಟನ್ನು ಬಯಸುವವರೂ ಹೆಚ್ಚುವರು.

ಎಲೆಯಾಟವೆಂದೊಡನೆ ಜೂಜಿನ ನೆನಪಾಗಿ ಮುಖ ಸಿಂಡರಿಸುವ ಹಿರಿಯರಿಗೆ ಒಂದೇ ಮಾತು. ನಳನೂ ಧರ್ಮರಾಯನೂ ಕೆಟ್ಟುದು ಪಣದಿಂದ. ಪಣವಿಲ್ಲದ ಗಂಜೀಫಾದಲ್ಲಿ ಗೆದ್ದವನಿಗೆ ದೊರೆಯುವುದು ಗೆದ್ದೆನೆಂಬುದಷ್ಟೆ. ಗಿರಿಧರನೆಂಬ ಕವಿ ಸಂಸ್ಕೃತದಲ್ಲಿ ‘ಗಂಜೀಫಾಖೇಲನ’ವೆಂಬ ಕೃತಿಯನ್ನೇ ರಚಿಸಿರುವನು; ಗೀರ್ವಾಣವಾಣಿಗೆ ಇಲ್ಲದ ಮಡಿ ಗೃಹಸ್ಥರಿಗೆ ಬೇಡ.

ಪ್ರಯೋಗಕ್ಕೆ ತೊಡಗಬೇಕೆಂಬ ಮನೆಗಳಿಗೆ ಒಂದು ಸುಲಭೋಪಾಯವುಂಟು. ಆರಂಭದಲ್ಲಿಯೇ ೧೨೦ ಎಲೆಗಳನ್ನು ಹಿಡಿಯಬೇಕಾಗಿಲ್ಲ. ಹತ್ತು ಹಿರಿದಾಗಿರುವ ಜಾತಿಗಳಲ್ಲಿ ಮೂರು, ಎಕ್ಕ ಹಿರಿದಾಗಿರುವ ಜಾತಿಗಳಲ್ಲಿ ಮೂರು, ಹೀಗೆ ಆರು ಅವತಾರಗಳನ್ನು ಆರಿಸಿಕೊಂಡರೆ ೭೨ ಎಲೆಯಾಗುವುದು; ಮೂವರಿಗೆ ತಲಾ ೨೪. ಹಗಲಿನ ಆಟಕ್ಕೆ ರಾಮನೂ ಇರುಳಿನ ಆಟಕ್ಕೆ ಕೃಷ್ಣನೂ ಆ ಆರರಲ್ಲಿ ಇರಲೇಬೇಕು. ದಪ್ಪ ಕಾಗದ ಸಾಕು. ದುಂಡಗೆ ಕತ್ತರಿಸಲು ಬೇಸರವಾದರೆ ಚೌಕವಾಗಿದ್ದರೂ ಆಟಕ್ಕೆ ಕೊರತೆಯಿಲ್ಲ. ಹಿಂಬದಿ ಮಾತ್ರ ಎಲ್ಲವೂ ಒಂದೇ ಬಣ್ಣವಾಗಿರಬೇಕು, ಇಲ್ಲವಾದರೆ ಚುರುಕು ಕಣ್ಣಿನ ಹುಡುಗರು ಕಲೆಯಿಂದಲೇ ಎಲೆಯನ್ನು ಗುರುತಿಸುವರು. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಎಲೆ ಕತ್ತರಿಸುವುದಕ್ಕೆ ಮುಂಚೆ ಅವರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಉಳಿದ ನಾಲ್ಕು ಅವತಾರಗಳನ್ನು ಕೈ ಪಳಗಿದ ಮೇಲೆ, ಒಂದು ತಿಂಗಳಿಗೆ ಒಂದರಂತೆ ಸೇರಿಸಿಕೊಳ್ಳಬಹುದು.